ಆಂಡ್ರಾಯ್ಡ್‌ಗೆ ಹಾರ್ಫ್‌ಬಜ್ ಬಿಲ್ಡ್ ಮಾಡುವುದು: ಲ್ಯಾಪ್‌ಟಾಪ್‌ನಿಂದ ಫೋನ್‌ವರೆಗೆ, ಹಂತ ಹಂತವಾಗಿ

ಲ್ಯಾಪ್‌ಟಾಪ್‌ನಲ್ಲಿ ಬಿಲ್ಡ್ ಆಗುತ್ತದೆ. ಒಂದೂ ಎರರ್ ಇಲ್ಲ. ಫೋನ್‌ಗೆ ಹಾಕಿದರೆ ಆಪ್ ತೆರೆದ ಕೂಡಲೇ ಮುಚ್ಚಿಕೊಳ್ಳುತ್ತದೆ. ನನ್ನ ಹತ್ತಿರ ಬರುವ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಇದೇ. ಲಾಗ್ ತರಿಸಿ ನೋಡಿದರೆ ತಪ್ಪಾಗಿರುವುದು ಮೂರನೇ ಹಂತದಲ್ಲಿ, ಕಾಣಿಸಿಕೊಂಡಿರುವುದು ಎಂಟನೇ ಹಂತದಲ್ಲಿ. ನಡುವೆ ಎಲ್ಲೂ ನಿಂತು ಏನನ್ನೂ ನೋಡಿರುವುದಿಲ್ಲ.

ಹಾಗಾಗಿ ಈ ಸಲ ಒಂದೇ ಉದಾಹರಣೆ ಹಿಡಿದು ಕೊನೆವರೆಗೂ ಹೋಗೋಣ. ಓಪನ್‌ಜಿಎಲ್‌ನಲ್ಲಿ ಚಿತ್ರ ಬರೆಯುವ ಒಂದು ಆಟ ಅಥವಾ ಪುಸ್ತಕ ಓದುವ ಆಪ್ ಇದೆ ಅಂದುಕೊಳ್ಳಿ. ಅದರಲ್ಲಿ ಕನ್ನಡ ಸರಿಯಾಗಿ ಕಾಣಬೇಕು. ಅದಕ್ಕೆ ಎರಡು ಲೈಬ್ರರಿ ಬೇಕು. ಫ್ರೀಟೈಪ್ ಫಾಂಟ್ ಫೈಲ್‌ನಿಂದ ಅಕ್ಷರದ ಆಕಾರವನ್ನು ಚಿತ್ರವಾಗಿ ಬಿಡಿಸುತ್ತದೆ. ಯಾವ ಆಕಾರ ಎಲ್ಲಿ ಕೂರಬೇಕು, ಯಾವ ಒತ್ತು ಯಾವುದರ ಕೆಳಗೆ ಬರಬೇಕು ಅಂತ ಹೇಳುವುದು ಹಾರ್ಫ್‌ಬಜ್.

ಆಯ್ಕೆಗಳ ಮತ್ತು ಫೈಲ್‌ಗಳ ಹೆಸರನ್ನು ಇಲ್ಲಿ ಓದುವ ಹಾಗೆ ಕನ್ನಡದಲ್ಲೇ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಅವು ಇಂಗ್ಲಿಷ್ ಅಕ್ಷರದಲ್ಲಿರಬೇಕು. ಸಿಮೇಕ್ (ಬಿಲ್ಡ್ ಮಾಡಿಸುವ ಸಾಧನ) ವೇರಿಯಬಲ್‌ಗಳೆಲ್ಲ ದೊಡ್ಡಕ್ಷರ, ಪದಗಳ ನಡುವೆ ಅಂಡರ್‌ಸ್ಕೋರ್.

## ನಿಮಗೆ ಇದು ನಿಜವಾಗಲೂ ಬೇಕಾ?

ಮಾಮೂಲಿ ಟೆಕ್ಸ್ಟ್‌ವ್ಯೂನಲ್ಲಿ ಕನ್ನಡ ತೋರಿಸುವುದಷ್ಟೇ ಕೆಲಸವಾದರೆ ಇಲ್ಲಿಗೇ ನಿಲ್ಲಿಸಿ. ಒತ್ತಕ್ಷರ ಜೋಡಿಸುವ ಕೆಲಸ ಆಂಡ್ರಾಯ್ಡ್ ತಾನೇ ಮಾಡಿಕೊಳ್ಳುತ್ತದೆ. ಅದರೊಳಗೂ ಇರುವುದು ಹಾರ್ಫ್‌ಬಜ್ಜೇ.

ಹಾಗಾದರೆ ಸಿಸ್ಟಮ್‌ನಲ್ಲಿರುವ ಹಾರ್ಫ್‌ಬಜ್ ಅನ್ನೇ ಬಳಸಿಕೊಳ್ಳಬಹುದಲ್ವಾ ಅಂತ ಅನ್ನಿಸುತ್ತದೆ. ಆಗುವುದಿಲ್ಲ. ಅದು ಎನ್‌ಡಿಕೆ (ಆಂಡ್ರಾಯ್ಡ್‌ಗೆ ಸಿ, ಸಿ++ ಕೋಡ್ ಕಟ್ಟಲು ಗೂಗಲ್ ಕೊಡುವ ಸಾಮಾನು) ಪಟ್ಟಿಯಲ್ಲಿರುವ ಸಾರ್ವಜನಿಕ ಲೈಬ್ರರಿ ಅಲ್ಲ. ಸಿಸ್ಟಮ್‌ನ ಒಳಗಿನ ಲೈಬ್ರರಿಗಳನ್ನು ಆಪ್‌ಗಳು ನೇರವಾಗಿ ಎಳೆದುಕೊಳ್ಳುವುದನ್ನು ಆಂಡ್ರಾಯ್ಡ್ 7.0 ತಡೆಯಲು ಶುರು ಮಾಡಿತು. ನಮ್ಮ ಪ್ರತಿಯನ್ನು ನಾವೇ ಕಟ್ಟಿ ಆಪ್ ಜೊತೆ ಕಳಿಸಬೇಕು.

## ಬೇಕಾದ ಸಾಮಾನು

ಉಬುಂಟು ಅಥವಾ ಮ್ಯಾಕ್ ಇದ್ದರೆ ಸಲೀಸು. ವಿಂಡೋಸ್ ಇದ್ದರೆ ಡಬ್ಲ್ಯುಎಸ್‌ಎಲ್ (ವಿಂಡೋಸ್‌ನಲ್ಲಿ ಲಿನಕ್ಸ್ ಓಡಿಸುವ ಸೌಲಭ್ಯ) ಒಳಗೆ ಮಾಡಿ, ಸುಮ್ನೆ ಕಷ್ಟಪಡಬೇಡಿ. ಇಷ್ಟು ಹಾಕಿಕೊಳ್ಳಿ: ಆಂಡ್ರಾಯ್ಡ್ ಎನ್‌ಡಿಕೆ, ಸಿಮೇಕ್, ನಿಂಜಾ, ಪೈಥಾನ್ 3, ಮೆಸನ್ (ಸಿಮೇಕ್ ಥರದ್ದೇ ಇನ್ನೊಂದು ಬಿಲ್ಡ್ ಸಾಧನ), ಪಿಕೆಜಿ-ಕಾನ್ಫಿಗ್ (ಲೈಬ್ರರಿ ಎಲ್ಲಿದೆ ಅಂತ ಹುಡುಕಿ ಹೇಳುವುದು), ಎಡಿಬಿ (ಲ್ಯಾಪ್‌ಟಾಪ್‌ನಿಂದ ಫೋನ್ ಜೊತೆ ಮಾತಾಡುವ ಕಮಾಂಡ್). ಜೊತೆಗೆ ಯುಎಸ್‌ಬಿ ಡಿಬಗ್ಗಿಂಗ್ ಆನ್ ಮಾಡಿರುವ ಒಂದು ನಿಜವಾದ ಫೋನ್. ಡಿಸ್ಕ್‌ನಲ್ಲಿ ಹತ್ತು ಜಿಬಿ ಖಾಲಿ ಇದ್ದರೆ ನೆಮ್ಮದಿ.

ಎನ್‌ಡಿಕೆ ಇಡುವ ಫೋಲ್ಡರ್‌ನ ದಾರಿಯಲ್ಲಿ ಎಲ್ಲೂ ಸ್ಪೇಸ್ ಇರಬಾರದು. ಯೂಸರ್ ಹೆಸರಿನಲ್ಲೇ ಇನಿಷಿಯಲ್ ಮತ್ತು ಸ್ಪೇಸ್ ಇಟ್ಟುಕೊಂಡವರಿಗೆ ಇದು ಮೊದಲ ಹೊಡೆತ.

## ಹಂತ 1: ಮೂರು ಸಂಗತಿ ಮೊದಲೇ ತೀರ್ಮಾನ ಮಾಡಿ

ಒಂದು ಚೀಟಿಯಲ್ಲಿ ಬರೆದು ಮಾನಿಟರ್‌ಗೆ ಅಂಟಿಸಿಕೊಳ್ಳಿ. ತಮಾಷೆಗೆ ಹೇಳುತ್ತಿಲ್ಲ. ನಡುವೆ ಇವು ಬದಲಾದರೆ ಮೊದಲಿಂದ ಶುರು ಮಾಡಬೇಕಾಗುತ್ತದೆ.

ಎಬಿಐ. ಅಂದರೆ ಯಾವ ಪ್ರೊಸೆಸರ್‌ಗೆ ಅಂತ. ಈಗ ಚಾಲ್ತಿಯಲ್ಲಿರುವುದು ನಾಲ್ಕು: ಆರ್ಮ್64-ವಿ8ಎ, ಆರ್ಮ್‌ಇಎಬಿಐ-ವಿ7ಎ, ಎಕ್ಸ್86, ಎಕ್ಸ್86-64. ನಿಮ್ಮ ಫೋನ್ ಯಾವುದು ಅಂತ ತಿಳಿಯಲು ಎಡಿಬಿ ಶೆಲ್‌ನಲ್ಲಿ ಗೆಟ್‌ಪ್ರಾಪ್ ಕಮಾಂಡ್‌ಗೆ ‘ಆರ್‌ಒ ಡಾಟ್ ಪ್ರಾಡಕ್ಟ್ ಡಾಟ್ ಸಿಪಿಯು ಡಾಟ್ ಎಬಿಐ’ ಕೊಡಿ. ಮೊದಲು ಒಂದೇ ಎಬಿಐಗೆ ಕಟ್ಟಿ. ಅದು ಆರ್ಮ್64 ಆಗಿರಲಿ. ಯಾಕೆ ಅಂತ ಹಂತ 4ರಲ್ಲಿ ನನ್ನದೇ ಕಥೆ ಹೇಳುತ್ತೇನೆ.

ಎಪಿಐ ಲೆವೆಲ್. ಅಂದರೆ ಆಂಡ್ರಾಯ್ಡ್ ಆವೃತ್ತಿಯನ್ನು ಗುರುತಿಸುವ ಸಂಖ್ಯೆ. ಇಲ್ಲಿ ಬಹಳ ಜನ ಟಾರ್ಗೆಟ್ ಎಸ್‌ಡಿಕೆ ನಂಬರ್ ಹಾಕುತ್ತಾರೆ. ಅದಲ್ಲ. ಆಪ್‌ನ ಮಿನ್ ಎಸ್‌ಡಿಕೆ (ಆಪ್ ಓಡಬೇಕಾದ ಅತಿ ಹಳೆಯ ಆಂಡ್ರಾಯ್ಡ್) ಎಷ್ಟೋ ಅಷ್ಟನ್ನೇ ಹಾಕಬೇಕು. ಅಕ್ಷರ ಸಂಕೇತ ಬದಲಿಸುವ ಐಕಾನ್ವ್ ಫಂಕ್ಷನ್‌ಗಳನ್ನು ತೆಗೆದುಕೊಳ್ಳಿ, ಅವು ಆಂಡ್ರಾಯ್ಡ್‌ನ ಸಿ ಲೈಬ್ರರಿಗೆ ಬಂದಿದ್ದು ಎಪಿಐ 28ರಲ್ಲಿ. ನೀವು 28ಕ್ಕೆ ಕಟ್ಟಿ, ಆಂಡ್ರಾಯ್ಡ್ 8 ಇರುವ ಫೋನ್‌ನಲ್ಲಿ ಓಡಿಸಿದರೆ ಬಿಲ್ಡ್‌ನಲ್ಲಿ ಏನೂ ಗೊತ್ತಾಗದು, ಲೋಡ್ ಆಗುವಾಗ ಬೀಳುತ್ತದೆ. ನಾವಿಲ್ಲಿ 24 ಇಟ್ಟುಕೊಳ್ಳೋಣ, ಅಂದರೆ ಆಂಡ್ರಾಯ್ಡ್ 7.0.

ಎನ್‌ಡಿಕೆ ಆವೃತ್ತಿ. ಆರ್28 ಅಥವಾ ಅದಕ್ಕಿಂತ ಹೊಸದು. ಆರ್27 ಕೂಡ ನಡೆಯುತ್ತದೆ, ಒಂದು ಆಯ್ಕೆ ಜಾಸ್ತಿ ಕೊಡಬೇಕು ಅಷ್ಟೇ. ಕಾರಣ ಹಂತ 7ರಲ್ಲಿದೆ. ಟೀಮ್‌ನಲ್ಲಿ ಎಲ್ಲರೂ ಒಂದೇ ಆವೃತ್ತಿ ಬಳಸಿ.

ಹುಡುಕಿದಾಗ ಸಿಗುವ ಎಷ್ಟೋ ಬರಹಗಳು ಹಳೆಯವು. ಜಿಸಿಸಿ ಕಂಪೈಲರ್ ಬಗ್ಗೆ ಹೇಳಿದ್ದರೆ ಪಕ್ಕಕ್ಕಿಡಿ, ಅದು ಆರ್18ರಲ್ಲೇ ಹೋಯಿತು. ‘ಸ್ಟ್ಯಾಂಡ್‌ಅಲೋನ್ ಟೂಲ್‌ಚೈನ್ ಮಾಡಿಕೊಳ್ಳಿ’ (ಟೂಲ್‌ಚೈನ್ ಅಂದರೆ ಕಂಪೈಲರ್ ಮತ್ತು ಅದರ ಜೊತೆಯ ಸಾಧನಗಳು) ಅಂದಿದ್ದರೂ ಬೇಡ, ಆರ್19ರಿಂದ ಅದರ ಅಗತ್ಯವಿಲ್ಲ. ಎಆರ್ (ಸ್ಟ್ಯಾಟಿಕ್ ಲೈಬ್ರರಿ ಕಟ್ಟಿಡುವುದು), ಸ್ಟ್ರಿಪ್ (ಡಿಬಗ್ ಮಾಹಿತಿ ತೆಗೆದು ಫೈಲ್ ಚಿಕ್ಕದು ಮಾಡುವುದು), ಈ ಸಾಧನಗಳ ಹೆಸರಿನ ಮುಂದೆ ಎಆರ್ಚ್64-ಲಿನಕ್ಸ್-ಆಂಡ್ರಾಯ್ಡ್ ಅಂತ ಹಾಕಿಕೊಂಡಿದ್ದರೆ ಅದೂ ಹಳೆಯದು. ಆರ್23ರಿಂದ ಎಲ್ಲ ಎಬಿಐಗೂ ಒಂದೇ ಎಲ್‌ಎಲ್‌ವಿಎಂ-ಎಆರ್, ಒಂದೇ ಎಲ್‌ಎಲ್‌ವಿಎಂ-ಸ್ಟ್ರಿಪ್.

## ಹಂತ 2: ಲೈಬ್ರರಿ ಮುಟ್ಟುವ ಮೊದಲು ಒಂದು ಹಲೋ

ಈ ಹಂತವನ್ನು ಎಲ್ಲರೂ ಹಾರಿಸುತ್ತಾರೆ. ಐದು ನಿಮಿಷದ ಕೆಲಸ.

ಎನ್‌ಡಿಕೆ ಒಳಗೆ ಟೂಲ್‌ಚೈನ್ಸ್, ಎಲ್‌ಎಲ್‌ವಿಎಂ, ಪ್ರಿಬಿಲ್ಟ್ ಅಂತ ಒಂದರೊಳಗೊಂದು ಫೋಲ್ಡರ್ ಇವೆ. ಅದರೊಳಗೆ ನಿಮ್ಮ ಕಂಪ್ಯೂಟರ್‌ನ ಹೆಸರಿನದು, ಅದರೊಳಗೆ ಬಿನ್. ಆಪಲ್ ಚಿಪ್ ಇರುವ ಮ್ಯಾಕ್‌ನಲ್ಲೂ ಆ ಫೋಲ್ಡರ್ ಹೆಸರು ಡಾರ್ವಿನ್-ಎಕ್ಸ್86-64 ಅಂತಲೇ ಇರುತ್ತದೆ, ತಪ್ಪು ಇಳಿಸಿಕೊಂಡೆ ಅಂತ ಗಾಬರಿಯಾಗಬೇಡಿ.

ಅಲ್ಲಿ ಎಆರ್ಚ್64-ಲಿನಕ್ಸ್-ಆಂಡ್ರಾಯ್ಡ್24-ಕ್ಲ್ಯಾಂಗ್ ಅನ್ನುವ ಫೈಲ್ ಇದೆ. ಹೆಸರಿನಲ್ಲೇ ಪ್ರೊಸೆಸರ್ ಇದೆ, ಎಪಿಐ ಲೆವೆಲ್ಲೂ ಇದೆ. ಇದರಿಂದ ನಾಲ್ಕು ಸಾಲಿನ ಹಲೋ ಪ್ರೋಗ್ರಾಂ ಕಂಪೈಲ್ ಮಾಡಿ. ಎಡಿಬಿ ಪುಶ್ ಮೂಲಕ ಫೋನ್‌ನ ಡೇಟಾ ಫೋಲ್ಡರ್, ಅದರೊಳಗಿನ ಲೋಕಲ್, ಅದರೊಳಗಿನ ಟಿಎಂಪಿಗೆ ಕಳಿಸಿ. ಸಿಎಚ್‌ಮಾಡ್‌ನಿಂದ ಓಡುವ ಅನುಮತಿ ಕೊಟ್ಟು ಶೆಲ್‌ನಿಂದ ಓಡಿಸಿ. ಫೋನ್ ರೂಟ್ ಆಗಿರಬೇಕಿಲ್ಲ.

ಪರದೆ ಮೇಲೆ ಹಲೋ ಬಂದರೆ ಟೂಲ್‌ಚೈನ್ ಸರಿಯಿದೆ, ಫೋನ್ ಸರಿಯಿದೆ, ಎಬಿಐ ಸರಿಯಿದೆ. ಮುಂದೆ ಏನೇ ಕೆಟ್ಟರೂ ಈ ಮೂರನ್ನು ಅನುಮಾನಿಸಬೇಕಿಲ್ಲ.

## ಹಂತ 3: ಮೊದಲು ಫ್ರೀಟೈಪ್, ಒಂಟಿಯಾಗಿ

ಇಲ್ಲೊಂದು ಕೋಳಿ-ಮೊಟ್ಟೆ ಕಥೆ ಇದೆ. ಹಾರ್ಫ್‌ಬಜ್‌ಗೆ ಫ್ರೀಟೈಪ್ ಬೇಕು. ಫ್ರೀಟೈಪ್ ಕೂಡ ತನ್ನ ಆಟೊಹಿಂಟಿಂಗ್‌ಗೆ (ಅಕ್ಷರದ ಗೆರೆಗಳನ್ನು ಪರದೆಯ ಚುಕ್ಕೆಗಳಿಗೆ ಹೊಂದಿಸುವ ಕೆಲಸಕ್ಕೆ) ಹಾರ್ಫ್‌ಬಜ್ ಇದೆಯಾ ಅಂತ ಹುಡುಕುತ್ತದೆ. ಫೋನ್ ಪರದೆಗೆ ಆ ಸೌಲಭ್ಯ ಬೇಕಿಲ್ಲ. ಆದ್ದರಿಂದ ಫ್ರೀಟೈಪನ್ನು ಹಾರ್ಫ್‌ಬಜ್ ಇಲ್ಲದೆ ಮೊದಲು ಕಟ್ಟಿಬಿಡಿ. ಈ ಕ್ರಮ ತಪ್ಪಿದರೆ ಎರಡೂ ಒಂದನ್ನೊಂದು ಹುಡುಕುತ್ತಾ ನಿಲ್ಲುತ್ತವೆ.

ಫ್ರೀಟೈಪ್ ಸಿಮೇಕ್‌ನಲ್ಲಿ ಚೆನ್ನಾಗಿ ಬಿಲ್ಡ್ ಆಗುತ್ತದೆ. ಕೊಡಬೇಕಾದ್ದು ಇಷ್ಟು:

1. ಸಿಮೇಕ್ ಟೂಲ್‌ಚೈನ್ ಫೈಲ್: ಎನ್‌ಡಿಕೆಯ ಬಿಲ್ಡ್, ಸಿಮೇಕ್ ಫೋಲ್ಡರ್‌ನಲ್ಲಿರುವ ‘ಆಂಡ್ರಾಯ್ಡ್ ಡಾಟ್ ಟೂಲ್‌ಚೈನ್ ಡಾಟ್ ಸಿಮೇಕ್’ ಫೈಲ್‌ನ ಪೂರ್ತಿ ದಾರಿ.
2. ಆಂಡ್ರಾಯ್ಡ್ ಎಬಿಐ: ಆರ್ಮ್64-ವಿ8ಎ.
3. ಆಂಡ್ರಾಯ್ಡ್ ಪ್ಲಾಟ್‌ಫಾರ್ಮ್: ಆಂಡ್ರಾಯ್ಡ್-24.
4. ಸಿಮೇಕ್ ಬಿಲ್ಡ್ ಟೈಪ್: ರಿಲೀಸ್. ಇದನ್ನು ಬಿಟ್ಟರೆ ಆಪ್ಟಿಮೈಸೇಶನ್ ಇಲ್ಲದ ಕೋಡ್ ಬರುತ್ತದೆ, ಆಮೇಲೆ ‘ನೇಟಿವ್ ಕೋಡ್ ಯಾಕಿಷ್ಟು ನಿಧಾನ’ ಅಂತ ಕೇಳುತ್ತೀರಿ.
5. ಸಿಮೇಕ್ ಇನ್‌ಸ್ಟಾಲ್ ಪ್ರಿಫಿಕ್ಸ್: ನಿಮ್ಮದೇ ಒಂದು ಫೋಲ್ಡರ್, ಹೆಸರಿನಲ್ಲಿ ಎಬಿಐ ಇರಲಿ. ಇದನ್ನು ‘ಉಗ್ರಾಣ’ ಅಂತ ಕರೆಯೋಣ.
6. ಎಫ್‌ಟಿ ಡಿಸೇಬಲ್ ಅಂತ ಶುರುವಾಗುವ ಆಯ್ಕೆಗಳಲ್ಲಿ ಹಾರ್ಫ್‌ಬಜ್, ಬ್ರಾಟ್ಲಿ, ಬಿಝಿಪ್2, ಪಿಎನ್‌ಜಿ, ಜೆಡ್‌ಲಿಬ್ ಐದನ್ನೂ ಆನ್. ಜೆಡ್‌ಲಿಬ್ ತೆಗೆದರೆ ತೊಂದರೆಯಿಲ್ಲ, ಫ್ರೀಟೈಪ್ ಒಳಗೇ ಅದರ ಒಂದು ಪ್ರತಿ ಇದೆ.

ಏನೂ ಹೇಳದಿದ್ದರೆ ಫ್ರೀಟೈಪ್‌ನ ಸಿಮೇಕ್ ಸ್ಟ್ಯಾಟಿಕ್ ಲೈಬ್ರರಿ (ಲಿಂಕ್ ಮಾಡುವಾಗ ನಮ್ಮ ಕೋಡ್ ಒಳಗೇ ಸೇರಿಹೋಗುವಂಥದ್ದು) ಕಟ್ಟುತ್ತದೆ. ನಮಗೆ ಬೇಕಾದದ್ದೂ ಅದೇ.

ಅಪಾಯದ ಗುರುತು. ಕಾನ್ಫಿಗರ್ ಮುಗಿದ ಮೇಲೆ ಕೊನೆಯಲ್ಲಿ ‘ಕೈಯಾರೆ ಕೊಟ್ಟ ಈ ವೇರಿಯಬಲ್‌ಗಳನ್ನು ಪ್ರಾಜೆಕ್ಟ್ ಬಳಸಲಿಲ್ಲ’ ಅನ್ನುವ ಅರ್ಥದ ವಾರ್ನಿಂಗ್ ಬಂದು, ಅದರ ಕೆಳಗೆ ಆಂಡ್ರಾಯ್ಡ್ ಎಬಿಐ ಹೆಸರು ಕಂಡರೆ ಅಲ್ಲೇ ನಿಲ್ಲಿಸಿ. ಟೂಲ್‌ಚೈನ್ ಫೈಲ್ ಓದಿಲ್ಲ ಅಂತ ಅರ್ಥ. ಹೆಸರಿನಲ್ಲಿ ಒಂದಕ್ಷರ ತಪ್ಪಿರುತ್ತದೆ. ಸಿಮೇಕ್ ಮಾತ್ರ ಬೇಜಾರಿಲ್ಲದೆ ನಿಮ್ಮ ಲ್ಯಾಪ್‌ಟಾಪ್‌ಗೇ ಲೈಬ್ರರಿ ಕಟ್ಟಿ ಕೊಡುತ್ತದೆ. ಬಿಲ್ಡ್ ಪಾಸ್ ಅಂತ ತೋರಿಸುತ್ತದೆ ಕೂಡ.

ಟೂಲ್‌ಚೈನ್ ದಾರಿ ಅಥವಾ ಎಬಿಐ ಬದಲಿಸಿದರೆ ಬಿಲ್ಡ್ ಫೋಲ್ಡರ್ ಪೂರ್ತಿ ಅಳಿಸಿ. ಸಿಮೇಕ್ ಮೊದಲ ಸಲ ಓದಿದ್ದನ್ನು ಕ್ಯಾಶ್‌ನಲ್ಲಿ ಇಟ್ಟುಕೊಂಡಿರುತ್ತದೆ. ಒಂದು ಎಬಿಐಗೆ ಒಂದು ಬಿಲ್ಡ್ ಫೋಲ್ಡರ್, ಇದನ್ನು ಮುರಿಯಬೇಡಿ.

ಪರೀಕ್ಷೆ. ಉಗ್ರಾಣದ ಲಿಬ್ ಫೋಲ್ಡರ್‌ನಲ್ಲಿ ಸ್ಟ್ಯಾಟಿಕ್ ಫೈಲ್ ಇದೆಯಾ ನೋಡಿ. ಎನ್‌ಡಿಕೆಯ ಬಿನ್‌ನಲ್ಲಿರುವ ಎಲ್‌ಎಲ್‌ವಿಎಂ-ರೀಡ್‌ಎಲ್ಫ್‌ಗೆ ಹೈಫನ್ ಎಚ್ ಹಾಕಿ ಆ ಫೈಲ್ ಕೊಡಿ. ‘ಮೆಷಿನ್’ ಅನ್ನುವ ಸಾಲಿನಲ್ಲಿ ಎಆರ್ಚ್64 ಅಂತ ಇರಬೇಕು. ಇಲ್ಲದಿದ್ದರೆ ಮುಂದೆ ಹೋಗಬೇಡಿ.

## ಹಂತ 4: ಮೆಸನ್‌ಗೆ ಕ್ರಾಸ್ ಫೈಲ್

ಎಲ್ಲರೂ ಕಳೆದುಹೋಗುವ ಜಾಗ ಇದು, ಸ್ವಲ್ಪ ನಿಧಾನವಾಗಿ ಹೋಗೋಣ.

ಹಾರ್ಫ್‌ಬಜ್ ಮೆಸನ್ ಬಳಸುತ್ತದೆ. ಮೆಸನ್‌ಗೆ ಎನ್‌ಡಿಕೆ ಎಲ್ಲಿದೆ ಅಂತ ಗೊತ್ತಿಲ್ಲ. ಅದಕ್ಕೆ ಒಂದು ಚಿಕ್ಕ ಪಠ್ಯ ಫೈಲ್ ಬರೆದುಕೊಡಬೇಕು. ಮೂರು ವಿಭಾಗ ಸಾಕು.

ಮೊದಲನೆಯದು ‘ಬೈನರೀಸ್’. ಸಿ ಕಂಪೈಲರ್‌ಗೆ ಹಂತ 2ರಲ್ಲಿ ಬಳಸಿದ ಕ್ಲ್ಯಾಂಗ್, ಸಿ++ಗೆ ಅದರ ಪಕ್ಕದಲ್ಲೇ ಇರುವ ಕ್ಲ್ಯಾಂಗ್++, ಎಆರ್ ಮತ್ತು ಸ್ಟ್ರಿಪ್‌ಗೆ ಎಲ್‌ಎಲ್‌ವಿಎಂನವು. ಪಿಕೆಜಿ-ಕಾನ್ಫಿಗ್ ಸಾಲನ್ನು ಮರೆಯಬೇಡಿ. ಅದಿಲ್ಲದಿದ್ದರೆ ಕ್ರಾಸ್ ಬಿಲ್ಡ್‌ನಲ್ಲಿ ಮೆಸನ್ ಅದನ್ನು ಕರೆಯುವುದೇ ಇಲ್ಲ, ಆಗ ಫ್ರೀಟೈಪ್ ಕಣ್ಣೆದುರೇ ಇದ್ದರೂ ಸಿಗುವುದಿಲ್ಲ.

ಎರಡನೆಯದು ‘ಹೋಸ್ಟ್ ಮೆಷಿನ್’. ಈ ಪದವೇ ಗೊಂದಲ. ಹೋಸ್ಟ್ ಅಂದರೆ ನಮ್ಮ ಲ್ಯಾಪ್‌ಟಾಪ್ ಅಂತ ಅನ್ನಿಸುತ್ತದೆ. ಮೆಸನ್‌ನಲ್ಲೂ ಹಳೆಯ ಕಾನ್ಫಿಗರ್ ಸ್ಕ್ರಿಪ್ಟ್‌ಗಳಲ್ಲೂ ಅದು ಉಲ್ಟಾ: ಕಟ್ಟುವ ಯಂತ್ರ ‘ಬಿಲ್ಡ್’, ಕಟ್ಟಿದ್ದು ಓಡುವ ಯಂತ್ರ ‘ಹೋಸ್ಟ್’. ಮನೆ ಕಟ್ಟುವ ಮೇಸ್ತ್ರಿ ಒಬ್ಬ, ವಾಸ ಮಾಡುವವನು ಇನ್ನೊಬ್ಬ ಅಂತ ನೆನಪಿಟ್ಟುಕೊಳ್ಳಿ, ಹೋಸ್ಟ್ ವಾಸ ಮಾಡುವವನು. ಹಾಗಾಗಿ ಇಲ್ಲಿ ಸಿಸ್ಟಮ್ ‘ಆಂಡ್ರಾಯ್ಡ್’, ಸಿಪಿಯು ಫ್ಯಾಮಿಲಿ ‘ಎಆರ್ಚ್64’, ಸಿಪಿಯು ಕೂಡ ಅದೇ, ಎಂಡಿಯನ್ ‘ಲಿಟ್ಲ್’. ಸಿಸ್ಟಮ್ ಜಾಗದಲ್ಲಿ ‘ಲಿನಕ್ಸ್’ ಅಂತ ಬರೆದರೂ ಬಿಲ್ಡ್ ಆಗುತ್ತದೆ. ಆದರೆ ಶೇರ್ಡ್ ಲೈಬ್ರರಿ (ಆಪ್ ಓಡುವಾಗ ಲೋಡ್ ಆಗುವ ಎಸ್ಒ ಫೈಲ್) ಕಟ್ಟಿದಾಗ ಹೆಸರಿನ ಕೊನೆಗೆ ಡಾಟ್ 0 ತರಹದ ಆವೃತ್ತಿ ಸಂಖ್ಯೆ ಸೇರಿಕೊಳ್ಳುತ್ತದೆ. ಆಂಡ್ರಾಯ್ಡ್‌ಗೆ ಅಂಥ ಹೆಸರು ಆಗಿಬರುವುದಿಲ್ಲ. ‘ಆಂಡ್ರಾಯ್ಡ್’ ಅಂತ ಬರೆದರೆ ಮೆಸನ್ ಆ ಸಂಖ್ಯೆಯನ್ನು ತಾನೇ ಬಿಡುತ್ತದೆ.

ಮೂರನೆಯದು ‘ಪ್ರಾಪರ್ಟೀಸ್’. ಇಲ್ಲಿ ಪಿಕೆಜಿ ಕಾನ್ಫಿಗ್ ಲಿಬ್‌ಡಿರ್ ಅನ್ನುವುದಕ್ಕೆ ಉಗ್ರಾಣದ ಲಿಬ್ ಒಳಗಿನ ಪಿಕೆಜಿಕಾನ್ಫಿಗ್ ಫೋಲ್ಡರ್ ಕೊಡಿ. ‘ಲಿಬ್‌ಡಿರ್’ ಮತ್ತು ‘ಪಾತ್’ ಎರಡೂ ಒಂದೇ ಅಲ್ಲ. ‘ಪಾತ್’ ಹುಡುಕುವ ಪಟ್ಟಿಗೆ ಇನ್ನೊಂದು ಫೋಲ್ಡರ್ ಸೇರಿಸುತ್ತದೆ, ನಿಮ್ಮ ಉಬುಂಟುವಿನ ಫೋಲ್ಡರ್‌ಗಳೂ ಪಟ್ಟಿಯಲ್ಲಿ ಉಳಿಯುತ್ತವೆ. ‘ಲಿಬ್‌ಡಿರ್’ ಹಳೆಯ ಪಟ್ಟಿಯನ್ನೇ ತೆಗೆದು ಇದನ್ನೊಂದೇ ಇಡುತ್ತದೆ.

ಈಗ ನನ್ನ ಕಥೆ. ಮೊದಲ ಸಲ ನಾನು ‘ಪಾತ್’ ಬಳಸಿದ್ದೆ, ಅದರಲ್ಲೂ ಒಂದಕ್ಷರ ತಪ್ಪಿತ್ತು. ಜೊತೆಗೆ, ಎಮ್ಯುಲೇಟರ್‌ನಲ್ಲಿ (ಲ್ಯಾಪ್‌ಟಾಪ್‌ನಲ್ಲೇ ಓಡುವ ಫೋನ್‌ನ ನಕಲು) ನೋಡಿದರೆ ಬೇಗ ಆಗುತ್ತದೆ ಅಂತ ಎಕ್ಸ್86-64ಗೆ ಕಟ್ಟಿದೆ. ನನ್ನ ಉಗ್ರಾಣದ ಫ್ರೀಟೈಪ್ ಸಿಗದೆ ಉಬುಂಟುವಿನ ಫ್ರೀಟೈಪ್ ಸೇರಿಕೊಂಡಿತು. ಲ್ಯಾಪ್‌ಟಾಪ್‌ನ ಪ್ರೊಸೆಸರ್ರೂ ಎಕ್ಸ್86-64, ಎಮ್ಯುಲೇಟರ್‌ದೂ ಅದೇ. ಕಂಪೈಲ್ ಆದ ತುಂಡುಗಳನ್ನು ಜೋಡಿಸುವ ಲಿಂಕರ್‌ಗೆ ಯಾವ ವ್ಯತ್ಯಾಸವೂ ಕಾಣಲಿಲ್ಲ, ಖುಷಿಯಾಗಿ ಲಿಂಕ್ ಮಾಡಿತು. ಎಮ್ಯುಲೇಟರ್‌ನಲ್ಲಿ ಆಪ್ ತೆರೆದರೆ ‘ಲಿಬ್‌ಫ್ರೀಟೈಪ್ ಡಾಟ್ ಎಸ್ಒ ಡಾಟ್ 6 ಸಿಗಲಿಲ್ಲ’ ಅಂತ ಬಿತ್ತು. ಆ 6 ಎಲ್ಲಿಂದ ಬಂತು ಅಂತ ಎರಡು ದಿನ ತಲೆ ಕೆರೆದುಕೊಂಡೆ. ಆರ್ಮ್64ಗೆ ಕಟ್ಟಿದ್ದಿದ್ದರೆ ಲಿಂಕರ್ ‘ಇದು ಎಆರ್ಚ್64ಗೆ ಹೊಂದುವುದಿಲ್ಲ’ ಅಂತ ಮೊದಲ ನಿಮಿಷದಲ್ಲೇ ಹೇಳುತ್ತಿತ್ತು. ಅದಕ್ಕೇ ಮೊದಲು ಆರ್ಮ್64, ಮೊದಲು ಫೋನ್.

## ಹಂತ 5: ಹಾರ್ಫ್‌ಬಜ್

ಮೆಸನ್ ಸೆಟಪ್‌ಗೆ ಕ್ರಾಸ್ ಫೈಲ್ ಕೊಡಿ, ಪ್ರಿಫಿಕ್ಸ್‌ಗೆ ಅದೇ ಉಗ್ರಾಣ. ಡಿಫಾಲ್ಟ್ ಲೈಬ್ರರಿ ‘ಸ್ಟ್ಯಾಟಿಕ್’, ಬಿಲ್ಡ್ ಟೈಪ್ ‘ರಿಲೀಸ್’. ಆಮೇಲೆ ಆಟೊ ಫೀಚರ್ಸ್ ಅನ್ನು ‘ಡಿಸೇಬಲ್ಡ್’ ಮಾಡಿ, ಫ್ರೀಟೈಪ್ ಒಂದನ್ನು ‘ಎನೇಬಲ್ಡ್’ ಮಾಡಿ. ಟೆಸ್ಟ್ಸ್, ಡಾಕ್ಸ್, ಯುಟಿಲಿಟೀಸ್ ಮೂರನ್ನೂ ಹೆಸರು ಹಿಡಿದೇ ‘ಡಿಸೇಬಲ್ಡ್’ ಮಾಡಿ. ಜಿಲಿಬ್, ಕೈರೋ, ಐಸಿಯು ಯಾವುದೂ ಬೇಡ. ಕನ್ನಡಕ್ಕೆ ಬೇಕಾದ ಯೂನಿಕೋಡ್ ಪಟ್ಟಿಗಳು ಹಾರ್ಫ್‌ಬಜ್ ಒಳಗೇ ಇವೆ.

ಇನ್ನೊಂದು ಆಯ್ಕೆ ಕಡ್ಡಾಯ: ರ‍್ಯಾಪ್ ಮೋಡ್ ‘ನೋಫಾಲ್‌ಬ್ಯಾಕ್’. ಇದಿಲ್ಲದಿದ್ದರೆ, ಫ್ರೀಟೈಪ್ ಸಿಗದಾಗ ಮೆಸನ್ ಎರರ್ ಕೊಡುವ ಬದಲು ನೆಟ್‌ನಿಂದ ಇನ್ನೊಂದು ಫ್ರೀಟೈಪ್ ಇಳಿಸಿಕೊಂಡು ಕಟ್ಟಿಬಿಡುತ್ತದೆ. ಉಪಕಾರ ಮಾಡಿದ ಹಾಗೆ ಕಾಣುತ್ತದೆ. ಆದರೆ ಕೊನೆಗೆ ನಿಮ್ಮ ಆಪ್‌ನಲ್ಲಿ ಯಾವ ಫ್ರೀಟೈಪ್ ಇದೆ ಅಂತ ನಿಮಗೇ ಗೊತ್ತಿರುವುದಿಲ್ಲ.

ಸೆಟಪ್ ಸಾಗುವಾಗ ಫ್ರೀಟೈಪ್ ಸಿಕ್ಕಿತು ಅನ್ನುವ ಸಾಲಿನಲ್ಲಿ ಆವೃತ್ತಿ 26 ಅಂತ ಶುರುವಾಗಿರುತ್ತದೆ. ನೀವು ಇಳಿಸಿದ್ದು 2.13 ಅಲ್ವಾ? ಎರಡೂ ಸರಿ. ಪಿಕೆಜಿ-ಕಾನ್ಫಿಗ್ ಫೈಲ್‌ನಲ್ಲಿ ಫ್ರೀಟೈಪ್ ತನ್ನ ಬೇರೊಂದು ಒಳ ಸಂಖ್ಯೆ ಬರೆಯುತ್ತದೆ. ಇದನ್ನು ಸರಿಮಾಡಲು ಹೋಗಬೇಡಿ.

ಪರೀಕ್ಷೆ. ಬಿಲ್ಡ್, ಇನ್‌ಸ್ಟಾಲ್ ಆದ ಮೇಲೆ ಮತ್ತೆ ರೀಡ್‌ಎಲ್ಫ್, ಮತ್ತೆ ‘ಮೆಷಿನ್’ ಸಾಲು. ಜೊತೆಗೆ ಉಗ್ರಾಣದ ಇನ್‌ಕ್ಲೂಡ್ ಫೋಲ್ಡರ್‌ನಲ್ಲಿ ‘ಎಚ್‌ಬಿ-ಎಫ್‌ಟಿ’ ಹೆಡರ್ ಇದೆಯಾ ನೋಡಿ. ಇಲ್ಲದಿದ್ದರೆ ಫ್ರೀಟೈಪ್ ಜೊತೆ ಸಂಬಂಧ ಕೂಡಿಲ್ಲ.

## ಹಂತ 6: ಜೆಎನ್‌ಐ ಹೊದಿಕೆ

ಜೆಎನ್‌ಐ ಅಂದರೆ ಜಾವಾ ಕೋಡ್ ಸಿ, ಸಿ++ ಕೋಡನ್ನು ಕರೆಯುವ ದಾರಿ. ಈಗ ಎರಡು ಸ್ಟ್ಯಾಟಿಕ್ ಫೈಲ್ ಇವೆ. ಇವನ್ನು ನಿಮ್ಮ ಕೋಡ್ ಜೊತೆ ಸೇರಿಸಿ ಒಂದೇ ಒಂದು ಎಸ್ಒ ಫೈಲ್ ಮಾಡಬೇಕು. ಮೂರು ಎಸ್ಒ ಮಾಡಿ ಒಂದರ ಹಿಂದೊಂದು ಲೋಡ್ ಮಾಡುವವರನ್ನು ನೋಡಿದ್ದೇನೆ. ಬೇಡ. ಒಂದೇ ಇದ್ದರೆ ಸಿ++ ರನ್‌ಟೈಮ್ ತಲೆನೋವೂ ಇಲ್ಲ, ‘ಸಿ++ ಸ್ಟ್ಯಾಟಿಕ್’ ಸಾಕು. ಆಪ್‌ನಲ್ಲಿ ಸಿ++ನಲ್ಲಿ ಬರೆದ ಬೇರೆ ಎಸ್ಒಗಳೂ ಇದ್ದರೆ ಎಲ್ಲರೂ ‘ಸಿ++ ಶೇರ್ಡ್’ಗೆ ಬರಬೇಕು. ಒಂದು ಆಪ್‌ನಲ್ಲಿ ರನ್‌ಟೈಮ್‌ನ ಎರಡು ಪ್ರತಿ ಓಡಾಡಬಾರದು.

ಆಪ್‌ನ ಸಿಮೇಕ್ ಫೈಲ್‌ನಲ್ಲಿ ಎರಡನ್ನೂ ‘ಇಂಪೋರ್ಟೆಡ್ ಸ್ಟ್ಯಾಟಿಕ್’ ಲೈಬ್ರರಿ ಅಂತ ಘೋಷಿಸಿ, ಪೂರ್ತಿ ದಾರಿ ಕೊಡಿ. ಫೈಂಡ್ ಲೈಬ್ರರಿ ಬಳಸಿದರೆ ‘ಸಿಗಲಿಲ್ಲ’ ಅನ್ನುತ್ತದೆ. ಎನ್‌ಡಿಕೆ ಟೂಲ್‌ಚೈನ್ ಫೈಲ್ ಹುಡುಕಾಟವನ್ನು ತನ್ನ ಸಿಸ್‌ರೂಟ್ (ಆಂಡ್ರಾಯ್ಡ್‌ನ ಹೆಡರ್, ಲೈಬ್ರರಿಗಳಿರುವ ಫೋಲ್ಡರ್) ಒಳಗೆ ಮಾತ್ರ ಮಾಡುವಂತೆ ಕಟ್ಟಿಹಾಕಿರುತ್ತದೆ. ನಿಮ್ಮ ಉಗ್ರಾಣ ಅದಕ್ಕೆ ಹೊರಗಿನದು.

ಪಿಥ್ರೆಡ್ ಅಥವಾ ಆರ್‌ಟಿ ಲೈಬ್ರರಿ ಸೇರಿಸಲು ಹೋಗಬೇಡಿ. ಆಂಡ್ರಾಯ್ಡ್‌ನಲ್ಲಿ ಅವೆಲ್ಲ ಸಿ ಲೈಬ್ರರಿ ಒಳಗೇ ಇವೆ.

ಜೆಎನ್‌ಐ ಫಂಕ್ಷನ್ ಹೆಸರಿನಲ್ಲಿ ಪ್ಯಾಕೇಜ್, ಕ್ಲಾಸ್, ಮೆಥಡ್ ಮೂರೂ ಅಂಡರ್‌ಸ್ಕೋರ್‌ನಿಂದ ಜೋಡಣೆಯಾಗಬೇಕು. ನಿಮ್ಮ ಪ್ಯಾಕೇಜ್ ಹೆಸರಿನಲ್ಲೇ ಅಂಡರ್‌ಸ್ಕೋರ್ ಇದ್ದರೆ ಅದು ‘ಅಂಡರ್‌ಸ್ಕೋರ್ 1’ ಆಗುತ್ತದೆ. ಸಿ++ ಫೈಲ್ ಆದರೆ ‘ಎಕ್ಸ್‌ಟರ್ನ್ ಸಿ’ ಬೇಕೇ ಬೇಕು.

ಜಾವಾದಿಂದ ಬರುವ ಸ್ಟ್ರಿಂಗ್ ವಿಷಯದಲ್ಲಿ ಒಂದು ಎಚ್ಚರ. ಗೆಟ್‌ಸ್ಟ್ರಿಂಗ್‌ಯುಟಿಎಫ್‌ಚಾರ್ಸ್ ಕೊಡುವುದು ನಿಜವಾದ ಯುಟಿಎಫ್-8 ಅಲ್ಲ, ಅದರ ಬದಲಾಯಿಸಿದ ರೂಪ. ಕನ್ನಡದ ಮಟ್ಟಿಗೆ ಎರಡೂ ಒಂದೇ ಥರ ಕಾಣುತ್ತವೆ, ಹಾಗಾಗಿ ನಿಮ್ಮ ಪರೀಕ್ಷೆಯಲ್ಲಿ ಎಲ್ಲ ಸರಿಯಿರುತ್ತದೆ. ಯಾರೋ ಒಬ್ಬರು ವಾಕ್ಯದ ಕೊನೆಗೆ ಒಂದು ಎಮೋಜಿ ಹಾಕಿದ ದಿನ ಕೆಡುತ್ತದೆ. ಗೆಟ್‌ಸ್ಟ್ರಿಂಗ್‌ಚಾರ್ಸ್ ಬಳಸಿ, ಹಾರ್ಫ್‌ಬಜ್‌ನ ಯುಟಿಎಫ್-16 ಫಂಕ್ಷನ್‌ಗೆ ಕೊಡಿ.

ಹಾರ್ಫ್‌ಬಜ್‌ಗೆ ಪಠ್ಯ ತುಂಬಿಕೊಡುವ ಬಫರ್‌ಗೆ ಸ್ಕ್ರಿಪ್ಟ್ ಕನ್ನಡ, ದಿಕ್ಕು ಎಡದಿಂದ ಬಲಕ್ಕೆ, ಭಾಷೆ ‘ಕೆಎನ್’ ಅಂತ ನೀವೇ ಹೇಳಿ. ಇದನ್ನು ಬಿಟ್ಟು ನೇರ ಶೇಪ್ ಮಾಡಲು (ಅಕ್ಷರ, ಒತ್ತುಗಳನ್ನು ಜೋಡಿಸಲು) ಹೋಗಬೇಡಿ.

## ಹಂತ 7: ಎಸ್ಒ ಫೈಲನ್ನು ತಿರುವಿ ಹಾಕಿ ನೋಡಿ

ಫೋನ್‌ಗೆ ಕಳಿಸುವ ಮೊದಲು ಮೂರು ನೋಟ.

ಯಾರನ್ನು ಕೇಳುತ್ತಿದೆ? ರೀಡ್‌ಎಲ್ಫ್‌ಗೆ ಹೈಫನ್ ಡಿ ಕೊಡಿ. ‘ನೀಡೆಡ್’ ಅನ್ನುವ ಸಾಲುಗಳಲ್ಲಿ ಸಿ, ಎಂ, ಡಿಎಲ್, ಲಾಗ್ ತರಹದ ಆಂಡ್ರಾಯ್ಡ್‌ನ ಲೈಬ್ರರಿಗಳು ಮಾತ್ರ ಇರಬೇಕು. ಅಲ್ಲಿ ಫ್ರೀಟೈಪ್ ಹೆಸರು ಕಂಡರೆ ಹಂತ 4ಕ್ಕೆ ವಾಪಸ್. ಎಸ್ಒ ನಂತರ ಡಾಟ್ ಮತ್ತು ಸಂಖ್ಯೆ ಇರುವ ಯಾವ ಹೆಸರು ಕಂಡರೂ ಅದು ನಿಮ್ಮ ಲ್ಯಾಪ್‌ಟಾಪ್‌ನಿಂದ ಬಂದಿದ್ದು ಅಂತಲೇ ಅನುಮಾನಿಸಿ.

ಯಾರಿಗೆ ಕಟ್ಟಿದ್ದು? ಅದೇ ‘ಮೆಷಿನ್’ ಸಾಲು. ಮೂರನೇ ಸಲ. ಬೇಜಾರಾದರೂ ನೋಡಿ.

ಪುಟದ ಅಳತೆ. ಇದು ಹೊಸ ಸಂಗತಿ, ಹಳೆಯ ಬಿಲ್ಡ್ ಸ್ಕ್ರಿಪ್ಟ್ ಇಟ್ಟುಕೊಂಡವರು ಈಗ ಸಿಕ್ಕಿಹಾಕಿಕೊಳ್ಳುತ್ತಿರುವುದು ಇಲ್ಲೇ. ಆಂಡ್ರಾಯ್ಡ್ ಫೋನ್‌ಗಳ ಮೆಮೊರಿ ಪುಟ ಮೊದಲೆಲ್ಲ 4 ಕೆಬಿ ಇತ್ತು. ಈಗ 16 ಕೆಬಿ ಪುಟದ ಸಾಧನಗಳಿಗೂ ಜಾಗ ಆಗಿದೆ. ಆಂಡ್ರಾಯ್ಡ್ 15 ಅಥವಾ ಮೇಲಿನದನ್ನು ಟಾರ್ಗೆಟ್ ಮಾಡುವ ಹೊಸ ಆಪ್‌ಗಳೂ ಅಪ್‌ಡೇಟ್‌ಗಳೂ 64-ಬಿಟ್ ಸಾಧನಗಳಲ್ಲಿ 16 ಕೆಬಿ ಪುಟಕ್ಕೆ ಹೊಂದಬೇಕು ಅಂತ ಗೂಗಲ್ ಪ್ಲೇ ನವೆಂಬರ್ 1, 2025ರ ಗಡುವು ಇಟ್ಟಿತು. ರೀಡ್‌ಎಲ್ಫ್‌ಗೆ ಹೈಫನ್ ಎಲ್ ಕೊಟ್ಟು ‘ಲೋಡ್’ ಸಾಲುಗಳ ಕೊನೆಯ ಅಂಕಣ ನೋಡಿ. ಹೆಕ್ಸ್‌ನಲ್ಲಿ 4000 ಇದ್ದರೆ 16 ಕೆಬಿ, ಸರಿ. 1000 ಇದ್ದರೆ 4 ಕೆಬಿ, ತಪ್ಪು.

ಆರ್28ರಲ್ಲಿ ಇದು ತಾನಾಗೇ ಆಗುತ್ತದೆ. ಆರ್27ರಲ್ಲಿ ಸಿಮೇಕ್‌ಗೆ ‘ಆಂಡ್ರಾಯ್ಡ್ ಸಪೋರ್ಟ್ ಫ್ಲೆಕ್ಸಿಬಲ್ ಪೇಜ್ ಸೈಜಸ್’ ಆನ್ ಅಂತ ಕೊಡಬೇಕು. ಅದಕ್ಕಿಂತ ಹಳೆಯದರಲ್ಲಿ ಲಿಂಕರ್‌ಗೆ ‘ಮ್ಯಾಕ್ಸ್-ಪೇಜ್-ಸೈಜ್’ 16384 ಅಂತ ಕೈಯಾರೆ ಕೊಡಬೇಕು. ಒಂದು ಸಮಾಧಾನ: ಸ್ಟ್ಯಾಟಿಕ್ ಫೈಲ್‌ಗಳಿಗೆ ಈ ಅಳತೆಯೇ ಇಲ್ಲ. ಕೊನೆಯ ಲಿಂಕ್ ಸರಿಯಾದರೆ ಸಾಕು, ಫ್ರೀಟೈಪ್, ಹಾರ್ಫ್‌ಬಜ್ ಮತ್ತೆ ಕಟ್ಟಬೇಕಿಲ್ಲ. ಆದರೆ ನಿಮ್ಮ ಕೋಡ್‌ನಲ್ಲಿ ಎಲ್ಲಾದರೂ ಪುಟದ ಅಳತೆ ಅಂತ 4096 ಬರೆದಿದ್ದರೆ ಅದನ್ನು ತೆಗೆಯಬೇಕು.

ಎಪಿಕೆ (ಫೋನ್‌ಗೆ ಹಾಕುವ ಆಪ್ ಫೈಲ್) ಒಳಗೆ ಆ ಎಸ್ಒ ಕೂರುವ ಜಾಗಕ್ಕೂ ಇದೇ ಲೆಕ್ಕ. ಆಪ್ ಕಟ್ಟುವ ಆಂಡ್ರಾಯ್ಡ್ ಗ್ರೇಡಲ್ ಪ್ಲಗಿನ್ 8.5.1 ಅಥವಾ ಹೊಸದಿದ್ದರೆ ಅದು ನೋಡಿಕೊಳ್ಳುತ್ತದೆ.

## ಹಂತ 8: ಫೋನ್ ಮೇಲೆ, ಒಂದು ‘ಸ್ತ್ರೀ’ ಬರೆದು

ಆಪ್‌ನ ಸಿಮೇಕ್ ಮೂಲಕವೇ ಎಸ್ಒ ಕಟ್ಟಿದ್ದರೆ ಗ್ರೇಡಲ್ ತಾನೇ ಸೇರಿಸುತ್ತದೆ. ಹೊರಗೆ ಕಟ್ಟಿದ್ದರೆ ಮಾತ್ರ ಜೆಎನ್‌ಐಲಿಬ್ಸ್ ಫೋಲ್ಡರ್‌ನಲ್ಲಿ ಎಬಿಐ ಹೆಸರಿನ ಫೋಲ್ಡರ್ ಮಾಡಿ ಅದರಲ್ಲಿಡಿ. ಹೆಸರು ‘ಲಿಬ್’ನಿಂದ ಶುರುವಾಗಿ ಎಸ್ಒದಲ್ಲಿ ಮುಗಿಯಬೇಕು.

ಪರೀಕ್ಷೆಗೆ ‘ಕನ್ನಡ’ ಅಂತ ಬರೆಯಬೇಡಿ. ಅದರಲ್ಲಿರುವುದು ಒಂದೇ ಒತ್ತು. ‘ಸ್ತ್ರೀ’ ಬರೆಯಿರಿ. ಯೂನಿಕೋಡ್‌ನಲ್ಲಿ ಇದು ಆರು ಸಂಕೇತ: ಸ, ಹಲಂತ, ತ, ಹಲಂತ, ರ, ಈತ್ವ. ಬರೀ ಫ್ರೀಟೈಪ್ ಇದ್ದರೆ ಮೂರು ಅಕ್ಷರ ಸಾಲಾಗಿ ನಿಂತು, ನಡುವೆ ಹಲಂತದ ಗುರುತು, ಕೊನೆಗೊಂದು ಒಂಟಿ ಈತ್ವ ಬರುತ್ತದೆ. ಹಾರ್ಫ್‌ಬಜ್ ಕೆಲಸ ಮಾಡುತ್ತಿದ್ದರೆ ತ ಮತ್ತು ರ ಒತ್ತುಗಳಾಗಿ ಸ ಕೆಳಗೆ ಹೋಗುತ್ತವೆ, ಈತ್ವ ಸ ಮೇಲೆ ಏರುತ್ತದೆ. ಆಮೇಲೆ ‘ಸೂರ್ಯ’ ಬರೆಯಿರಿ. ರಕಾರ ಅರ್ಕಾವತ್ತಾಗಿ ಯ ಬಲಕ್ಕೆ ಹೋಗಿ ಕೂತರೆ ಕ್ರಮ ಬದಲಾವಣೆಯೂ ಸರಿಯಾಗಿದೆ.

ಕಣ್ಣಿಗೆ ಮೋಸವಾಗಬಾರದು ಅಂದರೆ ಶೇಪ್ ಆದ ಮೇಲೆ ಗ್ಲಿಫ್ (ಫಾಂಟ್‌ನಲ್ಲಿರುವ ಒಂದೊಂದು ಆಕಾರ) ಸಂಖ್ಯೆಗಳನ್ನು ಲಾಗ್‌ನಲ್ಲಿ ಮುದ್ರಿಸಿ. ಎಲ್ಲ ಸೊನ್ನೆ ಬಂದರೆ ಆ ಫಾಂಟ್‌ನಲ್ಲಿ ಕನ್ನಡವೇ ಇಲ್ಲ. ನೋಟೊ ಸ್ಯಾನ್ಸ್ ಕನ್ನಡ ಹಾಕಿ ನೋಡಿ. ಸೊನ್ನೆ ಅಲ್ಲ, ಆದರೂ ಪರದೆ ಮೇಲೆ ಚೌಕ ಅಥವಾ ಬೇರೆ ಏನೋ ಬರುತ್ತಿದೆ ಅಂದರೆ, ಗ್ಲಿಫ್ ಸಂಖ್ಯೆಯನ್ನು ಯೂನಿಕೋಡ್ ಅಂದುಕೊಂಡು ಲೋಡ್‌ಚಾರ್ ಕರೆದಿದ್ದೀರಿ. ಶೇಪ್ ಆದ ಮೇಲೆ ಬಳಸಬೇಕಾದ್ದು ಲೋಡ್‌ಗ್ಲಿಫ್. ಈ ತಪ್ಪು ಎಷ್ಟು ಸಾಮಾನ್ಯ ಅಂದರೆ, ಲಾಗ್ ನೋಡುವ ಮೊದಲೇ ನಾನು ಇದನ್ನು ಕೇಳುತ್ತೇನೆ.

## ಹಂತ 9: ಈಗ ಉಳಿದ ಎಬಿಐಗಳು

ಆರ್ಮ್64 ಓಡಿದ ಮೇಲೆ ಮಾತ್ರ ಲೂಪ್ ಬರೆಯಿರಿ. 64-ಬಿಟ್ ಆವೃತ್ತಿ ಇರಲೇಬೇಕು ಅಂತ ಪ್ಲೇ ಆಗಸ್ಟ್ 2019ರಿಂದ ಕೇಳುತ್ತಿದೆ. 32-ಬಿಟ್ ಆರ್ಮ್ ಬಿಡಬಹುದಾ? ನನ್ನ ಅಭಿಪ್ರಾಯ, ಬಿಡಬೇಡಿ. 32-ಬಿಟ್ ಆಂಡ್ರಾಯ್ಡ್ ಓಡಿಸುವ ಕಡಿಮೆ ಬೆಲೆಯ ಫೋನ್‌ಗಳು ನಮ್ಮಲ್ಲಿ ಇನ್ನೂ ಕೈಯಲ್ಲಿವೆ. ಅದರ ಕಂಪೈಲರ್ ಹೆಸರು ಆರ್ಮ್‌ವಿ7ಎ-ಲಿನಕ್ಸ್-ಆಂಡ್ರಾಯ್ಡ್‌ಇಎಬಿಐ24-ಕ್ಲ್ಯಾಂಗ್. ಕೊನೆಯ ‘ಇಎಬಿಐ’ ಬಿಟ್ಟು ಟೈಪ್ ಮಾಡಿ, ಫೈಲ್ ಇಲ್ಲ ಅಂತ ಕೂರುವವರು ಬಹಳ.

ಆಪ್‌ನಲ್ಲಿ ಎರಡು ನೇಟಿವ್ ಲೈಬ್ರರಿ ಇದ್ದು, ಒಂದು ಆರ್ಮ್64ಗೂ ಇನ್ನೊಂದು ವಿ7ಎಗೆ ಮಾತ್ರವೂ ಇದ್ದರೆ, ಫೋನ್ ಒಂದೇ ಫೋಲ್ಡರ್ ಆರಿಸಿಕೊಳ್ಳುತ್ತದೆ. ಇನ್ನೊಂದರಲ್ಲಿರುವುದು ಅದಕ್ಕೆ ಕಾಣುವುದೇ ಇಲ್ಲ. ಎಲ್ಲ ಲೈಬ್ರರಿಯೂ ಎಲ್ಲ ಫೋಲ್ಡರ್‌ನಲ್ಲಿರಬೇಕು.

ಸ್ಟ್ರಿಪ್ ಆಗದ ಎಸ್ಒ ಪ್ರತಿಗಳನ್ನು ಪ್ರತಿ ಬಿಡುಗಡೆಗೂ ಎತ್ತಿಟ್ಟುಕೊಳ್ಳಿ. ಕ್ರ್ಯಾಶ್ ಬಂದಾಗ ಎನ್‌ಡಿಕೆ-ಸ್ಟ್ಯಾಕ್‌ಗೆ ಅವನ್ನು ಕೊಟ್ಟರೆ ಫಂಕ್ಷನ್ ಹೆಸರು ಸಿಗುತ್ತದೆ. ಇಲ್ಲದಿದ್ದರೆ ಸಿಗುವುದು ಬರೀ ಹೆಕ್ಸ್ ಸಂಖ್ಯೆ.

## ಎರರ್ ಬಂದರೆ ಯಾವ ಹಂತಕ್ಕೆ ವಾಪಸ್?

‘ಲೈಬ್ರರಿ ನಾಟ್ ಫೌಂಡ್’, ಹೆಸರಿನ ಕೊನೆಗೆ ಸಂಖ್ಯೆ ಇದೆ: ಹಂತ 4. ಸಂಖ್ಯೆ ಇಲ್ಲ, ನಿಮ್ಮದೇ ಲೈಬ್ರರಿ ಹೆಸರು: ಹಂತ 8ರ ಫೋಲ್ಡರ್ ಅಥವಾ ಹಂತ 9ರ ಎಬಿಐ ಗೊಂದಲ. ಎಪಿಕೆಯನ್ನು ಝಿಪ್ ಥರ ತೆರೆದು ಲಿಬ್ ಫೋಲ್ಡರ್ ನೋಡಿ.

‘ಕೆನಾಟ್ ಲೊಕೇಟ್ ಸಿಂಬಲ್’: ಆ ಸಿಂಬಲ್ ಆಂಡ್ರಾಯ್ಡ್‌ನದ್ದೇ ಆದರೆ ಎಪಿಐ ಲೆವೆಲ್ ಜಾಸ್ತಿ ಇಟ್ಟಿದ್ದೀರಿ, ಹಂತ 1. ಎಫ್‌ಟಿ ಅಥವಾ ಎಚ್‌ಬಿ ಅಂತ ಶುರುವಾದರೆ ಲಿಂಕ್ ಮಾಡುವಾಗಲೇ ಸೇರಿಲ್ಲ, ಹಂತ 6. ಸಿಮೇಕ್ ಬಿಟ್ಟು ಕೈಯಾರೆ ಲಿಂಕ್ ಮಾಡುವವರು ಲಿಂಕರ್‌ಗೆ ‘ನೋ-ಅನ್‌ಡಿಫೈನ್ಡ್’ ಕೊಡಿ, ಆಗ ಇದು ಫೋನ್‌ವರೆಗೆ ಬರದೆ ಲ್ಯಾಪ್‌ಟಾಪ್‌ನಲ್ಲೇ ಸಿಕ್ಕಿಬೀಳುತ್ತದೆ.

‘ಇಎಂ ಎಆರ್ಚ್64 ಬದಲು ಇಎಂ ಎಕ್ಸ್86-64’ ಅನ್ನುವ ಅರ್ಥದ್ದು: ತಪ್ಪು ಫೋಲ್ಡರ್‌ಗೆ ಕಾಪಿ ಮಾಡಿದ್ದೀರಿ, ಇಲ್ಲವೇ ಹಂತ 3ರ ವಾರ್ನಿಂಗ್ ನೋಡದೆ ದಾಟಿದ್ದೀರಿ.

‘ನೋ ಇಂಪ್ಲಿಮೆಂಟೇಶನ್ ಫೌಂಡ್’: ಲೈಬ್ರರಿ ಲೋಡ್ ಆಗದೇ ಇರಬಹುದು. ಲೋಡ್ ಆಗಿದೆ ಅಂತ ಖಾತ್ರಿ ಇದ್ದರೆ ಫಂಕ್ಷನ್ ಹೆಸರು ಹೊಂದುತ್ತಿಲ್ಲ. ಹಂತ 6ರ ಅಂಡರ್‌ಸ್ಕೋರ್, ‘ಎಕ್ಸ್‌ಟರ್ನ್ ಸಿ’ ನೋಡಿ.

‘ಎಕ್ಸೆಕ್ ಫಾರ್ಮ್ಯಾಟ್ ಎರರ್’, ಬಿಲ್ಡ್ ನಡುವೆಯೇ: ಫೋನ್‌ಗೆ ಕಟ್ಟಿದ ಪ್ರೋಗ್ರಾಂ ಒಂದನ್ನು ಲ್ಯಾಪ್‌ಟಾಪ್‌ನಲ್ಲಿ ಓಡಿಸಲು ನೋಡುತ್ತಿದೆ. ಹಾರ್ಫ್‌ಬಜ್‌ನಲ್ಲಿ ಟೆಸ್ಟ್ಸ್, ಯುಟಿಲಿಟೀಸ್ ಆಫ್ ಆಗಿದೆಯಾ ಮೊದಲು ನೋಡಿ. ಬೇರೆ ಲೈಬ್ರರಿಗಳ ಹಳೆಯ ಕಾನ್ಫಿಗರ್ ಸ್ಕ್ರಿಪ್ಟ್‌ನಲ್ಲಿ ‘ಕಂಪೈಲ್ ಆದ ಪ್ರೋಗ್ರಾಂ ಓಡಿಸಲು ಆಗಲಿಲ್ಲ’ ಅಂತ ಬಂದರೆ ‘ಹೋಸ್ಟ್’ ಆಯ್ಕೆ ಕೊಟ್ಟಿಲ್ಲ ಅಂತ ಅರ್ಥ.

ಪ್ರಶ್ನೆ ಕೇಳುವಾಗ ಎರರ್‌ನ ಕೊನೆಯ ಸಾಲಿನ ಫೋಟೋ ಕಳಿಸಬೇಡಿ. ಎನ್‌ಡಿಕೆ ಆವೃತ್ತಿ, ಎಬಿಐ, ಎಪಿಐ ಲೆವೆಲ್, ಹಂತ 7ರ ಹೈಫನ್ ಡಿ ಔಟ್‌ಪುಟ್, ಕ್ರಾಸ್ ಫೈಲ್, ಈ ಐದನ್ನೂ ಪಠ್ಯವಾಗಿ ಕಳಿಸಿ.